ಸಾಣೆ ಭದ್ರವ್ವ ಬಾಯಿಬಿಟ್ಟ ದಿನ

ಹತ್ತಿರ ಬಂದು ಕೂತುಕೊಳ್ಳಿ. ದೂರ ಕೂತು ಆಮೇಲೆ ಏನಂದಿರಿ ಅಂತ ಕೇಳಿದರೆ ಎರಡನೇ ಸಲ ಹೇಳುವ ತ್ರಾಣ ಇಲ್ಲ. ಬಹಳ ಹಿಂದೆ, ಅಂದರೆ ಈ ಕೆರೆ ಏರಿಯ ಮೇಲಿನ ಮರಗಳನ್ನು ನೆಟ್ಟವರ ಅಜ್ಜಂದಿರೂ ಹುಟ್ಟುವ ಮೊದಲು, ಹುಣಸಗಟ್ಟಿ ಅನ್ನುವ ಒಂದು ಊರಿನಲ್ಲಿ ಭದ್ರವ್ವ ಅನ್ನುವವಳು ಇದ್ದಳಂತೆ. ಬಡಿಗೇರ ಮನೆಯ ಸೊಸೆ. ಊರಿನ ನೇಗಿಲು, ಬಂಡಿ, ಬಾಗಿಲು, ತೊಟ್ಟಿಲು ಎಲ್ಲವೂ ಆ ಮನೆಯ ಅಂಗಳದಿಂದಲೇ ಎದ್ದು ಹೋಗಬೇಕು. ಊರಿಗೆ ಅದೊಂದೇ ಬಡಿಗೇರ ಮನೆ.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತಂತೆ. ಮರ ಕೆತ್ತುವುದು ಗಂಡಸರ ಕೆಲಸ, ಹತ್ಯಾರಕ್ಕೆ ಸಾಣೆ ಹಿಡಿಯುವುದು ಹೆಂಗಸರ ಕೆಲಸ. ಗಂಡಸು ಸಾಣೆಕಲ್ಲು ಮುಟ್ಟುವ ಹಾಗಿಲ್ಲ. ಯಾಕೆ ಅಂತ ಕೇಳಿದರೆ, ಕೆತ್ತುವವನಿಗೆ ಯಾವಾಗಲೂ ಅವಸರ, ಅವಸರದವನ ಕೈಗೆ ಕಲ್ಲು ಕೊಟ್ಟರೆ ಉಕ್ಕು ಉಳಿಯುವುದಿಲ್ಲ ಅನ್ನುತ್ತಿದ್ದರಂತೆ. ಹಾಗಾಗಿ ಹಿತ್ತಿಲ ಕಟ್ಟೆಯ ಮೇಲಿನ ಸಾಣೆಕಲ್ಲು ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಅವಳ ಸೊಸೆಗೆ ಬರುತ್ತಿತ್ತು. ಭದ್ರವ್ವನಿಗೂ ಹಾಗೇ ಬಂದಿತ್ತು.

ಸಾಣೆ ಭದ್ರವ್ವ ಅಂತಲೇ ಅವಳ ಹೆಸರು ಸುತ್ತಲ ಹಳ್ಳಿಗಳಲ್ಲಿ ಓಡಾಡುತ್ತಿತ್ತು. ಅವಳು ಮಸೆದ ಬಾಚಿಯ ನೆರಳು ಬಿದ್ದರೆ ಸಾಕು, ಜೋಳದ ದಂಟು ಎರಡು ತುಂಡಾಗುತ್ತಿತ್ತಂತೆ. ಅವಳು ಮಸೆದ ಉಳಿಯನ್ನು ಗೂಡಿನಲ್ಲಿಟ್ಟರೆ ಆ ಕಡೆ ಹಾರಿ ಬಂದ ನೊಣ ಎರಡಾಗಿ ಹಾರಿ ಹೋಗುತ್ತಿತ್ತಂತೆ. ನೊಣದ ಮಾತು ನಂಬಬೇಡಿ. ಅದನ್ನು ಸೇರಿಸಿದವನು ನಮ್ಮ ದೊಡ್ಡಪ್ಪನೇ ಇರಬೇಕು, ಅವನ ಬಾಯಿಗೆ ಬೀಗ ಇರಲಿಲ್ಲ. ಆದರೆ ಇಷ್ಟು ಮಾತ್ರ ನಿಜವಂತೆ: ಅವಳು ಮಸೆದುಕೊಟ್ಟ ಬಾಚಿ ಹಿಡಿದು ಗಂಡ ಗುರುಪಾದಪ್ಪ ಬೆಳಗಿನಿಂದ ಮಧ್ಯಾಹ್ನದ ತನಕ ಒಣಗಿದ ಜಾಲಿಮರ ಕೆತ್ತಿದರೂ ನಡುವೆ ಒಂದು ಸಲವೂ ಅಲಗು ಮೊಂಡಾಗುತ್ತಿರಲಿಲ್ಲ. ಜಾಲಿ ಅಂದರೆ ಗೊತ್ತಲ್ಲ, ಒಣಗಿದರೆ ಕಬ್ಬಿಣದ ತಮ್ಮ.

ಹತ್ಯಾರ ಆರಿಸುವುದರಲ್ಲೂ ಅವಳದೇ ಒಂದು ದಾರಿ. ಸಂತೆಗೆ ಹೋದರೆ ಎಣ್ಣೆ ಸವರಿ ಸಾಲಾಗಿ ಜೋಡಿಸಿಟ್ಟ ಹೊಸ ಬಾಚಿಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲವಂತೆ. ಹಳೇ ಕಬ್ಬಿಣದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ, ಬೆರಳ ಗೆಣ್ಣಿನಿಂದ ಬಡಿದು, ಕಿವಿಗೆ ಹಿಡಿಯುತ್ತಿದ್ದಳಂತೆ. ಸದ್ದು ಎಳೆದುಕೊಂಡು ಹೋದರೆ ಒಳಗೆ ಗಟ್ಟಿ, ಬಡಿದಲ್ಲೇ ಸತ್ತರೆ ಎಲ್ಲೋ ಸೀಳಿದೆ, ಇಲ್ಲವೇ ಹದ ಹೋಗಿದೆ. ಬಾಚಿ ಪೂರ್ತಿ ಉಕ್ಕಿನದಲ್ಲ ನೋಡಿ. ಮೈಯೆಲ್ಲ ಮೆತ್ತನೆಯ ಕಬ್ಬಿಣ, ಅಲಗಿಗೆ ಮಾತ್ರ ಎರಡು ಬೆರಳಗಲ ಉಕ್ಕು ಬೆಸೆದಿರುತ್ತಾರೆ. ಆ ಉಕ್ಕು ಎಷ್ಟು ಉಳಿದಿದೆ ಅಂತ ತುಕ್ಕಿನ ಮೇಲೆ ಉಗುರು ಆಡಿಸಿಯೇ ಹೇಳುತ್ತಿದ್ದಳಂತೆ. ಜನ ಅವಳನ್ನು ನೋಡಿ ನಗುತ್ತಿದ್ದರು. ಒಡವೆ ಆರಿಸಲಿಕ್ಕೂ ಯಾರೂ ಇಷ್ಟು ಹೊತ್ತು ಕೂರುವುದಿಲ್ಲ ಅನ್ನುತ್ತಿದ್ದರು.

ತಂದ ಮೇಲೆ ಹುಳಿ ಮಜ್ಜಿಗೆಯಲ್ಲಿ ಎರಡು ದಿನ ಮುಳುಗಿಸಿಡಬೇಕು. ತುಕ್ಕು ಸಡಿಲಾದ ಮೇಲೆ ಇಟ್ಟಿಗೆ ಪುಡಿ ಹಾಕಿ ನಾರಿನಿಂದ ಉಜ್ಜಬೇಕು. ಆಮೇಲೆ ಒರಟು ಕಲ್ಲು, ಆಮೇಲೆ ನುಣುಪು ಕಲ್ಲು, ಕೊನೆಗೆ ಔಡಲೆಣ್ಣೆ. ಗುರುಪಾದಪ್ಪ ಅದಕ್ಕೆ ಹೊಸ ಹಿಡಿ ಕೆತ್ತಿ ಕೂರಿಸಬೇಕು. ಇಷ್ಟಕ್ಕೆ ಹದಿನೈದು ದಿನ. ಒಂದು ದಿನ ಕಮ್ಮಿ ಮಾಡು ಅಂದರೂ ಅವಳು ಮಾಡುತ್ತಿರಲಿಲ್ಲ. ಉಕ್ಕಿನ ಜೀವ ಅದರ ಹದದಲ್ಲಿದೆ, ಹದ ಕೊಡುವುದೂ ಬೆಂಕಿ, ಕಳೆಯುವುದೂ ಬೆಂಕಿ ಅಂತ ಎಲ್ಲರಿಗೂ ಹೇಳುತ್ತಿದ್ದಳಂತೆ. ಅವಳಿಗೆ ಅದು ಊರಿನಲ್ಲಿ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಮುಂದೆ ಆದದ್ದು ಕೇಳುವಾಗ ಇದನ್ನು ಮರೆಯಬೇಡಿ.

ಒಂದು ಮುಂಗಾರಿನ ಹೊತ್ತಿಗೆ ಗುರುಪಾದಪ್ಪ ಸತ್ತ. ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಅಂಗಳದಲ್ಲಿ ನೇಗಿಲಿನ ಮೇಣಿ ಕೆತ್ತುತ್ತಿದ್ದವನು ಬಾಚಿ ಎತ್ತಿದ, ಎತ್ತಿದ ಕೈ ಇಳಿಯಲಿಲ್ಲ, ಹಾಗೇ ಪಕ್ಕಕ್ಕೆ ಒರಗಿದ. ಬಾಚಿಯನ್ನು ಅವನ ಬೆರಳುಗಳಿಂದ ಬಿಡಿಸಲಿಕ್ಕೆ ಇಬ್ಬರು ಬೇಕಾದರಂತೆ.

ಆ ಮನೆಯಲ್ಲಿ ಸಾವಾದರೆ ಹನ್ನೊಂದನೇ ದಿನ ಹತ್ಯಾರಗಳಿಗೂ ಸೂತಕ ಕಳೆಯುತ್ತಿದ್ದರು. ಹುಲ್ಲಿನ ಬೆಂಕಿ ಮಾಡಿ, ಒಂದೊಂದು ಹತ್ಯಾರವನ್ನೂ ಉರಿಯ ಮೇಲೆ ಒಂದು ಸಲ ಆಡಿಸಿ ತೆಗೆಯುವುದು. ಅದಕ್ಕೆ ಬೆಂಕಿಗೆ ತೋರಿಸುವುದು ಅನ್ನುತ್ತಿದ್ದರು. ಅಷ್ಟರಿಂದ ಉಕ್ಕಿಗೆ ಏನೂ ಆಗುವುದಿಲ್ಲ. ಆದರೆ ಈ ಸಲ ಗುರುಪಾದಪ್ಪನ ಸೋದರತ್ತೆ ನೀಲವ್ವಜ್ಜಿ ಭದ್ರವ್ವನೊಬ್ಬಳನ್ನೇ ಹಿತ್ತಿಲಿಗೆ ಕರೆದಳು. ಹತ್ಯಾರ ಕೈಯಲ್ಲಿ ಹಿಡಿದೇ ಸತ್ತಿದ್ದಾನೆ, ಸಾವು ಕಬ್ಬಿಣದೊಳಗೆ ಇಳಿದಿದೆ, ತೋರಿಸಿದರೆ ಸಾಲದು, ಕೆಂಡದಲ್ಲಿ ಕೆಂಪಾಗುವ ತನಕ ಇಡಬೇಕು, ಇಲ್ಲದಿದ್ದರೆ ಇನ್ನು ಆ ಬಾಚಿಯನ್ನು ಹಿಡಿಯುವ ಕೈಯೂ ಹಾಗೇ ಒರಗುತ್ತದೆ ಅಂದಳಂತೆ.

ಇನ್ನು ಆ ಬಾಚಿಯನ್ನು ಹಿಡಿಯುವ ಕೈ ಯಾರದು? ಮೈದುನ ನಿರ್ವಾಣಪ್ಪನದು. ಭದ್ರವ್ವ ಮದುವೆಯಾಗಿ ಆ ಮನೆಗೆ ಬಂದಾಗ ಅವನಿಗೆ ಮೂರು ವರ್ಷ. ತಾಯಿಯಿಲ್ಲದ ಕೂಸು. ಅವಳೇ ತುತ್ತು ಮಾಡಿ ಉಣಿಸಿ, ಬೆನ್ನಿಗೆ ಕಟ್ಟಿಕೊಂಡು ಸಾಣೆ ಹಿಡಿದು ದೊಡ್ಡವನನ್ನಾಗಿ ಮಾಡಿದ್ದು. ಅವಳಿಗೆ ಮಕ್ಕಳಿರಲಿಲ್ಲ, ಬೇಕು ಅಂತಲೂ ಅನ್ನಿಸಿರಲಿಲ್ಲವಂತೆ, ಅವನಿದ್ದನಲ್ಲ.

ಬೆಂಕಿ ಉಕ್ಕನ್ನು ಕೊಲ್ಲುತ್ತದೆ ಅಂತ ಅವಳಿಗೆ ಗೊತ್ತಿತ್ತು. ಅಂಗಳದಲ್ಲಿ ಒರಗಿದ ಗಂಡನ ಮುಖವೂ ಕಣ್ಣಮುಂದೆ ಇತ್ತು. ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳು ಜಾಲಿಯ ಕೆಂಡ ಮಾಡಿ, ಬಾಚಿ, ಉಳಿ, ಗರಗಸ, ಕೊಡಲಿ ಎಲ್ಲವನ್ನೂ ತನ್ನ ಕೈಯಾರೆ ಅದರಲ್ಲಿಟ್ಟು, ಕೆಂಪಾಗುವ ತನಕ ನೋಡುತ್ತ ನಿಂತಳಂತೆ. ಬೂದಿಯಲ್ಲೇ ಆರಲು ಬಿಟ್ಟಳಂತೆ. ಮಾರನೆಯ ದಿನ ತೆಗೆದು ನೋಡಿದರೆ ಉಕ್ಕಿನ ಮೇಲೆ ಸೀಸದ ಬಣ್ಣ ಕೂತಿತ್ತು. ಬೆರಳ ಗೆಣ್ಣಿನಿಂದ ಬಡಿದಳು, ಬಡಿದಲ್ಲೇ ಸದ್ದು ಸತ್ತಿತು. ಇಟ್ಟಿಗೆ ಪುಡಿಯಿಂದ ಉಜ್ಜಿ, ಎಣ್ಣೆ ಸವರಿ, ಹೊಳೆಯುವ ಹಾಗೆ ಮಾಡಿ, ಗೋಣಿಯಲ್ಲಿ ಸುತ್ತಿಟ್ಟಳು. ಯಾರಿಗೂ ಹೇಳಲಿಲ್ಲ.

ಹೇಳಬಾರದು ಅಂತಲ್ಲ. ಹದ ಮತ್ತೆ ಕೊಡಿಸಬಹುದು, ಒಳ್ಳೆಯ ಕಮ್ಮಾರ ಬೇಕು. ಊರಿನ ಕಮ್ಮಾರ ಹಿಂದಿನ ವರ್ಷವೇ ಮಗಳ ಊರಿಗೆ ಹೋದವನು ಅಲ್ಲೇ ನಿಂತುಬಿಟ್ಟಿದ್ದ. ಇನ್ನೊಬ್ಬ ಇದ್ದದ್ದು ಹೊಳೆಯಾಚೆ, ಹೊಳೆ ತುಂಬಿತ್ತು. ಹೊಳೆ ಇಳಿದ ಮೇಲೆ ಒಂದೊಂದಾಗಿ ಕಳಿಸಿದರಾಯಿತು, ಅಲ್ಲಿಯ ತನಕ ಯಾರಿಗೂ ತಿಳಿಯದ ಹಾಗೆ ನೋಡಿಕೊಂಡರಾಯಿತು ಅಂದುಕೊಂಡಳಂತೆ. ಆದರೆ ಆ ದಿನದಿಂದ ಅವಳಿಗೆ ಊಟ ಸೇರಲಿಲ್ಲ. ಬೆಳಗಾದರೆ ಅಂಗಳದಲ್ಲಿ ನಿರ್ವಾಣಪ್ಪ ಬಾಚಿ ಎತ್ತುವ ಮೊದಲೇ ಅವಳು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಒಂದು ಕಡೆ ಅವನು ಒರಗಿಬಿಟ್ಟರೆ ಅನ್ನುವ ಭಯ, ಇನ್ನೊಂದು ಕಡೆ ಅವನು ಅಲಗು ನೋಡಿಬಿಟ್ಟರೆ ಅನ್ನುವ ಭಯ. ಮಳೆಗಾಲದಲ್ಲಿ ಬೇವು, ಹಾಲವಾಣದ ಸಣ್ಣಪುಟ್ಟ ಕೆಲಸವೇ ಇದ್ದದ್ದರಿಂದ ಹೇಗೋ ನಡೆಯಿತು. ದಿನಕ್ಕೆ ನಾಲ್ಕು ಸಲ ಮಸೆದು ಕೊಡುತ್ತಿದ್ದಳು.

"ಅತ್ತಿಗಿ, ಈಗೀಗ ಬಾಚಿ ಭಾಳ ಜಲ್ದಿ ಮೊಂಡ ಆಗಾಕ ಹತ್ತೈತಲ್ಲ" ಅಂದನಂತೆ ಒಂದು ದಿನ.

"ಮರ ಹಸೀದೈತಿ ತಮ್ಮಾ, ಅದಕ್ಕ" ಅಂದಳಂತೆ ಅವಳು. ಅದು ಅವಳು ಅವನಿಗೆ ಹೇಳಿದ ಮೊದಲನೆಯ ಸುಳ್ಳು.

ಇನ್ನು ಕೆರೆಯ ಮಾತು ಕೇಳಿ. ಹುಣಸಗಟ್ಟಿಯ ಬಯಲಿಗೆಲ್ಲ ಒಂದೇ ಕೆರೆ. ಕೆರೆಯ ತಳದಲ್ಲಿ ನೀರು ಹೊರಗೆ ಹೋಗುವ ಒಂದು ಕಲ್ಲಿನ ತೂತು, ಅದೇ ತೂಬು. ಆ ತೂತಿಗೆ ಒಂದು ಮರದ ಬಿರಡೆ, ಬಿರಡೆಗೆ ಉದ್ದನೆಯ ಗಳ. ಗಳ ಎತ್ತಿದರೆ ಗದ್ದೆಗೆ ನೀರು, ಇಳಿಸಿದರೆ ಬಂದ್. ಎತ್ತಿ ಇಳಿಸುವವನು ನೀರಗಂಟಿ ಹಾಲಪ್ಪ. ತೂಬಿನ ಪಕ್ಕದಲ್ಲಿ ಕೆರೆಯೊಳಗೆ ಇಳಿಯುವ ಮೆಟ್ಟಿಲುಗಳು. ನೀರು ಎಷ್ಟಿದೆ ಅಂತ ಊರವರು ಲೆಕ್ಕ ಹಾಕುತ್ತಿದ್ದದ್ದು ತಳದಿಂದ ಎಷ್ಟು ಮೆಟ್ಟಿಲು ಮುಳುಗಿವೆ ಅಂತ. ಆ ವರ್ಷ ಮಳೆ ನಿಂತಾಗ ಹದಿನೆಂಟು ಮೆಟ್ಟಿಲು ಮುಳುಗಿದ್ದವು. ಹತ್ತು ಮೆಟ್ಟಿಲು ನೀರಿದ್ದರೂ ಇಡೀ ಬಯಲಿನ ಭತ್ತ ಕೈಗೆ ಬರುತ್ತಿತ್ತು. ಆರಕ್ಕೆ ಇಳಿದರೆ ಬಯಲಿನ ಕೊನೆಯಲ್ಲಿರುವ ಹದಿನಾಲ್ಕು ಮನೆಗಳ ಗದ್ದೆಗೆ ನೀರು ಮುಟ್ಟುವುದಿಲ್ಲ. ಅದಕ್ಕಿಂತ ಇಳಿದರೆ ಯಾರಿಗೂ ಇಲ್ಲ.

ಭತ್ತ ತೆನೆ ಕಟ್ಟುವ ಹೊತ್ತು, ಹೊಳೆ ಮಾತ್ರ ಇನ್ನೂ ಇಳಿದಿರಲಿಲ್ಲ. ಒಂದು ಬೆಳಿಗ್ಗೆ ಹಾಲಪ್ಪ ಗಳ ಎತ್ತಿದರೆ ಅರ್ಧ ಬಿರಡೆ ಮಾತ್ರ ಮೇಲೆ ಬಂತಂತೆ. ಇನ್ನರ್ಧ ಸೀಳಿ ನೀರಿನ ಜೊತೆ ಹೊರಗೆ ಹೋಗಿತ್ತು. ಕಾಲುವೆ ತುಂಬಿ, ಗದ್ದೆಯ ಬದು ಒಡೆದು, ನೀರು ಹಳ್ಳದ ಪಾಲಾಗುತ್ತಿತ್ತು. ಹಾಲಪ್ಪ ಏರಿಯ ಮೇಲೆ ನಿಂತು ಕೂಗಿದ ಕೂಗಿಗೆ ಇಡೀ ಊರು ಓಡಿ ಬಂತು. ಹುಲ್ಲಿನ ಸಿವುಡು ತಳ್ಳಿದರು, ಗೋಣಿಯಲ್ಲಿ ಮಣ್ಣು ತುಂಬಿ ತಳ್ಳಿದರು. ಕೆಲವನ್ನು ತೂಬು ನುಂಗಿತು, ಕೆಲವು ನಿಂತವು. ನೀರು ಕಮ್ಮಿಯಾಯಿತು, ನಿಲ್ಲಲಿಲ್ಲ. ಸಂಜೆಗೆ ಎರಡು ಮೆಟ್ಟಿಲು ಇಳಿದಿತ್ತು. ಹದಿನಾರು.

ಹೊಸ ಬಿರಡೆ ಆಗಬೇಕು. ಜಾಲಿಯದೇ ಆಗಬೇಕು. ಬೇವಿನದು ಮಾಡಿ ಅಂತ ಯಾರೋ ಅಂದದ್ದಕ್ಕೆ ಹಾಲಪ್ಪ, ನಮ್ಮಪ್ಪನ ಕಾಲದಲ್ಲಿ ಮಾಡಿ ನೋಡಿದ್ದಾಯಿತು, ನೀರಿನ ಭಾರಕ್ಕೆ ಹುರಿಗಡಲೆ ಹಾಗೆ ಇಬ್ಭಾಗವಾಯಿತು ಅಂದನಂತೆ. ಗುರುಪಾದಪ್ಪ ಇದಕ್ಕೆಂದೇ ಜಾಲಿಯ ಒಂದು ಬೊಡ್ಡೆಯನ್ನು ವರ್ಷಗಟ್ಟಲೆ ಒಣಗಿಸಿ ಇಟ್ಟಿದ್ದ. ಊರ ಗೌಡ ದೊಡ್ಡಬಸಪ್ಪ ಬಡಿಗೇರ ಅಂಗಳಕ್ಕೇ ಬಂದು, ನಿರ್ವಾಣಪ್ಪನ ಹೆಗಲ ಮೇಲೆ ಕೈಯಿಟ್ಟು, ಎಲ್ಲ ನಿನ್ನ ಕೈಯಲ್ಲಿದೆ ಅಂದ. ನಿರ್ವಾಣಪ್ಪ, ನಾಳೆ ಸಂಜೆಗೆ ಬಿರಡೆ ಕೂತಿರುತ್ತದೆ ಗೌಡರೇ ಅಂದ. ಭದ್ರವ್ವ ಬಾಗಿಲ ಹಿಂದೆ ನಿಂತು ಇದನ್ನೆಲ್ಲ ಕೇಳುತ್ತಿದ್ದಳು.

ಎರಡನೇ ದಿನ ಅವನು ಜಾಲಿಯ ಮೇಲೆ ಬಾಚಿ ಬೀಸಿದ. ಮೂರನೇ ಏಟಿಗೆ ಅಲಗು ಮಡಚಿತು. ಚೂರು ಹಾರಬೇಕಾದ ಕಡೆ ಬರೀ ಒಂದು ಗೀರು. ಗಂಟಿಗೆ ಬಿತ್ತೇನೋ ಅಂದುಕೊಂಡು ಅತ್ತಿಗೆಯ ಕೈಗೆ ಕೊಟ್ಟ. ಅವಳು ಮಸೆದು ಕೊಟ್ಟಳು. ಮತ್ತೆ ಮೂರು ಏಟು, ಮತ್ತೆ ಮಡಚಿತು. ಮತ್ತೆ ಮಸೆದಳು. ಏನೂ ಪ್ರಯೋಜನವಿಲ್ಲ ಅಂತ ಗೊತ್ತಿದ್ದೂ ಬೆನ್ನು ಬಗ್ಗಿಸಿ ಮಸೆಯುತ್ತಲೇ ಇದ್ದಳು. ಈಗ ಹೇಳುತ್ತೇನೆ, ಇನ್ನೊಂದು ಸಲ ಮಡಚಿದರೆ ಹೇಳುತ್ತೇನೆ ಅಂದುಕೊಳ್ಳುತ್ತಿದ್ದಳಂತೆ. ಅಂಗಳದ ತುಂಬ ಜನ ಕೂತಿದ್ದರು, ಎಲ್ಲರ ಕಣ್ಣೂ ಅವಳ ಕಲ್ಲಿನ ಮೇಲೆ. ಸಂಜೆಗೆ ನೀರು ಹದಿನಾಲ್ಕು.

ಮೂರನೇ ದಿನ ಬೊಡ್ಡೆಯದೇ ದೋಷ ಅಂತ ಬೇರೆ ಬೊಡ್ಡೆ ತಂದರು. ಅದೂ ಜಾಲಿ, ಅದೇ ಕತೆ. ಉಳಿ ಹಿಡಿದ, ಉಳಿ ಬಾಗಿತು. ಗರಗಸ ಹಿಡಿದ, ಹಲ್ಲುಗಳು ಮಲಗಿದವು. ನಿರ್ವಾಣಪ್ಪ ತನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದನಂತೆ. ನೀರು ಹನ್ನೆರಡು.

ನಾಲ್ಕನೇ ದಿನಕ್ಕೆ ಊರಿನ ಬಾಯಿಗೆ ಮಾತು ಸಿಕ್ಕಿತು. ಸತ್ತವನು ಹತ್ಯಾರ ಬಿಟ್ಟಿಲ್ಲ, ತಮ್ಮ ಹಿಡಿದದ್ದು ಅಣ್ಣನಿಗೆ ಸೇರುತ್ತಿಲ್ಲ, ಸಿಟ್ಟಾಗಿದ್ದಾನೆ. ಗುರುಪಾದಪ್ಪನಿಗೆ ಪ್ರೀತಿಯಾದ ಹೋಳಿಗೆ ಮಾಡಿ ಬೊಡ್ಡೆಯ ಮುಂದೆ ಎಡೆಯಿಟ್ಟರು. ಹೋಳಿಗೆ ತಟ್ಟಿದ್ದು ಭದ್ರವ್ವನೇ. ಬದುಕಿದ್ದಾಗ ಒಂದು ಇರುವೆಗೂ ಗದರದ ಮನುಷ್ಯ, ಸತ್ತ ಮೇಲೆ ಊರಿನ ನೀರು ಕಳೆಯುವ ಪಿಶಾಚಿಯಾದನಲ್ಲ, ಹಾಗೆ ಮಾಡಿದವಳು ನಾನಲ್ಲವೇ ಅಂತ ಅವಳು ಒಳಗೊಳಗೇ ಅಂದುಕೊಳ್ಳುತ್ತಿದ್ದಳು. ಆದರೂ ಬಾಯಿ ತೆರೆಯಲಿಲ್ಲ. ಈಗ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರೆ. ದಿನ ಕಳೆದಷ್ಟೂ ಆ ಪ್ರಶ್ನೆ ದೊಡ್ಡದಾಗುತ್ತಿತ್ತು. ಎಡೆ ಇಟ್ಟಾಯಿತು, ಕೈ ಮುಗಿದಾಯಿತು, ಬಾಚಿ ಮಡಚಿತು. ನೀರು ಹತ್ತು.

ಐದನೇ ದಿನ ಬೆಳಿಗ್ಗೆ ನಿರ್ವಾಣಪ್ಪ ಹತ್ಯಾರಗಳನ್ನೆಲ್ಲ ಗೋಣಿಯಲ್ಲಿ ಕಟ್ಟಿಕೊಂಡು ಏರಿಯ ಮೇಲೆ ಬಂದನಂತೆ. ಮೂರು ದಿನದಿಂದ ಅನ್ನ ಬಿಟ್ಟಿದ್ದ, ಕಣ್ಣು ಒಳಗೆ ಹೋಗಿದ್ದವು. ತೂಬಿನ ಕಲ್ಲಿನ ಮೇಲೆ ನಿಂತು ನೀರಿನ ಕಡೆ ನೋಡಿ ಕೂಗಿದ.

"ಅಣ್ಣಾ, ನಿನ್ನ ಹತ್ಯಾರ ನೀನ ತಗೋ. ನನ್ನ ಕೈಯಾಗ ನಿಲ್ಲಾಕ ಒಲ್ಲವು. ನನ್ನೂ ಕರಕೊಂಡ ಬಿಡು, ಊರ ನೀರು ಮಾತ್ರ ಬಿಡು."

ಹೀಗಂದು ಒಂದು ಹೆಜ್ಜೆ ಮುಂದಿಟ್ಟನಂತೆ. ಆ ಹೆಜ್ಜೆ ನೋಡಿ ಭದ್ರವ್ವನಿಗೆ ಅರ್ಥವಾಯಿತು. ಯಾರ ಜೀವ ಉಳಿಯಲಿ ಅಂತ ಬೆಂಕಿಗೆ ಇಟ್ಟಳೋ ಅವನ ಜೀವವೇ ಹೋಗುವುದರಲ್ಲಿತ್ತು. ಜನರನ್ನು ತಳ್ಳಿಕೊಂಡು ಹೋಗಿ ಅವನ ಅಂಗಿ ಹಿಡಿದಳು.

"ಒಗೀಬ್ಯಾಡ ತಮ್ಮಾ. ನಿಮ್ಮಣ್ಣ ಸಿಟ್ಟಾಗಿಲ್ಲ. ನಿನ್ನ ಕೈಯಾಗೂ ದೋಷ ಇಲ್ಲ. ನಾ ಕೆಡಿಸೀನಿ."

ಕೆಂಡದಿಂದ ಹಿಡಿದು ಎಲ್ಲವನ್ನೂ ಹೇಳಿದಳಂತೆ. ತಲೆ ತಗ್ಗಿಸಿ ಅಲ್ಲ, ಎಲ್ಲರಿಗೂ ಕೇಳುವ ಹಾಗೆ. ನೀಲವ್ವಜ್ಜಿಯ ಹೆಸರು ಮಾತ್ರ ತರಲಿಲ್ಲ. ಗೌಡ ಸಿಟ್ಟಿನಿಂದ, ನಿನ್ನನ್ನು ಈ ಊರಲ್ಲಿ ಇಡುವುದೋ ಬಿಡುವುದೋ ಆಮೇಲೆ ನೋಡುತ್ತೇನೆ ಅಂದ. ಅದು ಅವಳಿಗೆ ತಾಗಲಿಲ್ಲವಂತೆ. ಗುಂಪಿನಲ್ಲಿ ದುರುಗವ್ವ ಅಂತ ಒಬ್ಬಳಿದ್ದಳು, ಬಯಲಿನ ಕಟ್ಟಕಡೆಯ ಎರಡು ಗದ್ದೆ ಅವಳವು. ಅವಳು ಮೆಲ್ಲಗೆ ಒಂದೇ ಮಾತು ಕೇಳಿದಳು.

"ಮದಲನೇ ದಿನಾನ ಹೇಳಿದ್ರ ಏನಾಕ್ಕಿತ್ತವ್ವಾ?"

ಭದ್ರವ್ವ ಕೆರೆಯ ಮೆಟ್ಟಿಲುಗಳ ಕಡೆ ನೋಡಿದಳು. ನೀರು ಹತ್ತನೇ ಮೆಟ್ಟಿಲಿನಿಂದ ಜಾರುತ್ತಿತ್ತು.

ನಿರ್ವಾಣಪ್ಪ ಗೋಣಿಯನ್ನು ಹೆಗಲಿಗೇರಿಸಿಕೊಂಡು, ನಡಿ ಅತ್ತಿಗಿ, ಏನ್ ಮಾಡೂದು ಹೇಳು ಅಂದನಂತೆ ಅಷ್ಟೇ.

ಕಮ್ಮಾರನ ಪಾಳು ಕುಲುಮೆಯನ್ನು ತೆರೆದರು. ಗಾಳಿಯೂದುವ ತಿದಿಯ ಚರ್ಮವನ್ನು ಇಲಿ ತಿಂದಿತ್ತು, ಹಳೇ ಕಾಲುಜೋಡಿನ ತುಂಡು ಹಚ್ಚಿ ಹೊಲಿದರು. ಭದ್ರವ್ವ ಕಮ್ಮಾರಳಲ್ಲ. ಆದರೆ ಹತ್ಯಾರ ಕೊಳ್ಳಲು ಹೋದಾಗೆಲ್ಲ ಕುಲುಮೆಯ ಮುಂದೆ ಕೂತು ನೋಡಿದ್ದಳು. ನೋಡುವುದು ಬೇರೆ, ಮಾಡುವುದು ಬೇರೆ ಅಂತ ಅವಳಿಗೂ ಗೊತ್ತಿತ್ತು. ಮೊದಲು ಸಣ್ಣ ಉಳಿಯನ್ನು ಕಾಯಿಸಿ, ಕೆಂಪಾದಾಗ ಬಾವಿಯ ತಣ್ಣೀರಿಗೆ ಅದ್ದಿದಳು. ಟಿಣ್ ಅಂದಿತು. ತೆಗೆದರೆ ಉದ್ದಕ್ಕೆ ಸೀಳಿತ್ತು. ಎರಡನೆಯದು ದೊಡ್ಡ ಉಳಿ. ಈ ಸಲ ಉಗುರುಬೆಚ್ಚಗಿನ ನೀರು. ಸೀಳಲಿಲ್ಲ, ಗಾಜಿನ ಹಾಗೆ ಬಿರುಸಾಯಿತು. ಆ ಬಿರುಸು ಇಳಿಸಲು ಮತ್ತೆ ಸ್ವಲ್ಪ ಬಿಸಿ ತೋರಿಸಬೇಕು, ಉಕ್ಕಿನ ಮೇಲೆ ಬಣ್ಣ ಏರುತ್ತದೆ, ಸರಿಯಾದ ಬಣ್ಣಕ್ಕೆ ನಿಲ್ಲಿಸಬೇಕು. ಸುತ್ತಲೂ ಜನ, ಮೇಲೆ ಸುಡುಬಿಸಿಲು, ಬಣ್ಣ ಕಾಣಲೇ ಇಲ್ಲ. ಕಂಡಾಗ ನವಿಲಿನ ಕತ್ತಿನ ಬಣ್ಣ ಬಂದುಬಿಟ್ಟಿತ್ತು. ಅಂದರೆ ಮತ್ತೆ ಮೆತ್ತಗೆ. ಸಂಜೆಗೆ ನೀರು ಎಂಟು.

ಉಳಿದದ್ದು ಗಂಡನ ಬಾಚಿ. ಅದು ಸೀಳಿದರೆ ಊರಿಗೆ ಇನ್ನೊಂದಿಲ್ಲ. ಆರನೇ ದಿನ ಬೆಳಿಗ್ಗೆ ಅವಳು ಎಲ್ಲರನ್ನೂ ಹೊರಗೆ ಕಳಿಸಿ, ಕುಲುಮೆಯ ಬಾಗಿಲಿಗೆ ಒದ್ದೆ ಕಂಬಳಿ ಕಟ್ಟಿಸಿ, ಒಳಗೆ ಕತ್ತಲೆ ಮಾಡಿದಳಂತೆ. ತಿದಿ ಒತ್ತಲು ನಿರ್ವಾಣಪ್ಪ ಒಬ್ಬ. ಬಾಚಿ ನಿಧಾನವಾಗಿ ಕಾಯಿತು. ಅಲಗು ಹಣ್ಣಾದ ಬಾರೆಕಾಯಿಯ ಕೆಂಪಿಗೆ ಬಂದಾಗ ತೆಗೆದು, ಅಲಗನ್ನಷ್ಟೇ ಬೆಚ್ಚನೆಯ ನೀರಿಗೆ ಅದ್ದಿ ಎತ್ತಿದಳು. ಸೀಳಿದ ಸದ್ದು ಬರುತ್ತದೆ ಅಂತ ಇಬ್ಬರೂ ಕಿವಿಗೊಟ್ಟರು. ಬರಲಿಲ್ಲ. ಕೂಡಲೇ ಇಟ್ಟಿಗೆಯಿಂದ ಅಲಗನ್ನು ತಿಕ್ಕಿ ಬೆಳ್ಳಗೆ ಮಾಡಿ, ಮುಖದ ಹತ್ತಿರ ಹಿಡಿದು ನೋಡುತ್ತ ಕೂತಳು. ಬಾಚಿಯ ಹಿಂಭಾಗದಲ್ಲಿ ಉಳಿದ ಬಿಸಿ ಮೆಲ್ಲಗೆ ಅಲಗಿನ ಕಡೆ ಹರಿದು ಬರುತ್ತಿತ್ತು. ಮೊದಲು ಬಿಳಿಹುಲ್ಲಿನ ಬಣ್ಣ. ಕಾದಳು. ಕೈ ಸುಡುತ್ತಿತ್ತು, ಕಣ್ಣಲ್ಲಿ ನೀರು. ಬಲಿತ ಜೋಳದ ತೆನೆಯ ಬಣ್ಣ ಬಂತು. ಇನ್ನೊಂದು ಕ್ಷಣ ಬಿಟ್ಟರೆ ಹೋಯಿತು. ಪೂರ್ತಿ ಬಾಚಿಯನ್ನು ನೀರಿಗೆ ಮುಳುಗಿಸಿದಳು.

ಆರಿದ ಮೇಲೆ ಬೆರಳ ಗೆಣ್ಣಿನಿಂದ ಬಡಿದಳಂತೆ. ಸದ್ದು ಎಳೆದುಕೊಂಡು ಹೋಯಿತು. ಕಂಬಳಿಯಾಚೆ ನಿಂತವರಿಗೂ ಕೇಳಿಸಿತು ಅನ್ನುತ್ತಾರೆ. ಊರಾಚೆಯ ಗುಡ್ಡದಲ್ಲಿ ಕುರಿ ಕಾಯುವವರಿಗೂ ಕೇಳಿಸಿತು ಅಂತಲೂ ಅನ್ನುತ್ತಾರೆ, ಅದು ನಮ್ಮ ದೊಡ್ಡಪ್ಪನದು.

ಮಸೆದು ಕೊಟ್ಟಳು. ನಿರ್ವಾಣಪ್ಪ ಬಾಚಿ ಹಿಡಿದು ಒಂದು ಗಳಿಗೆ ಸುಮ್ಮನೆ ನಿಂತ. ಅವನಿಗೂ ಆ ಭಯ ಇತ್ತಲ್ಲ, ಅಣ್ಣ ಒರಗಿದ್ದು ಇದನ್ನೇ ಎತ್ತಿ. ಎತ್ತಿದ. ಭದ್ರವ್ವ ಕಣ್ಣು ಮುಚ್ಚಲಿಲ್ಲ, ಎತ್ತಿದ ಕೈಯನ್ನೇ ನೋಡುತ್ತಿದ್ದಳು. ಕೈ ಇಳಿಯಿತು. ಜಾಲಿಯ ಚೂರು ಹಾರಿ ಅವಳ ಸೆರಗಿನಲ್ಲಿ ಬಿತ್ತು. ಆಗ ಅವಳು ಗಂಡ ಸತ್ತ ದಿನವೂ ಅಳದಷ್ಟು ಅತ್ತಳಂತೆ.

ಅವನು ಕೆತ್ತುತ್ತಿರುವಾಗಲೇ ಅವಳು ದೊಡ್ಡ ಉಳಿಯನ್ನೂ ಮತ್ತೆ ಕಾಯಿಸಿ ಹದಕ್ಕೆ ತಂದಳು, ಬಿರಡೆಗೆ ಗಳ ಕೂರುವ ತೂತು ಅದರಿಂದಲೇ ಆಯಿತು. ಮೇಲೆ ಬಂದಿದ್ದ ಅರ್ಧ ಬಿರಡೆಯೇ ಅಳತೆ. ನುಣುಪು ಮಾಡಲು ಹೊತ್ತಿರಲಿಲ್ಲ, ಬಾಚಿಯ ಗೀರುಗಳೆಲ್ಲ ಹಾಗೇ ಉಳಿದವು. ಪುಂಡಿ ನಾರು ಸುತ್ತಿ, ಎಣ್ಣೆ ಹಚ್ಚಿ, ಹೊತ್ತು ಮುಳುಗುವ ಮುಂಚೆ ಹಾಲಪ್ಪ ನೀರಿಗಿಳಿದು ಗೋಣಿಗಳನ್ನು ಕಿತ್ತು ಬಿರಡೆ ಕೂರಿಸಿದ. ಕಾಲುವೆಯ ಸದ್ದು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ನಿಂತಿತು. ಹಾಲಪ್ಪ ಮೆಟ್ಟಿಲು ಎಣಿಸಿದ. ಆರು.

ಬಯಲಿನ ಮೇಲ್ಭಾಗದವರು ಕುಣಿದಾಡಿದರು. ಗೌಡ ಸಿಟ್ಟನ್ನೆಲ್ಲ ಮರೆತು ಭದ್ರವ್ವನಿಗೆ ಸೀರೆ ಉಡಿಸಬೇಕು ಅಂದ. ಅವಳು ಅಲ್ಲಿರಲಿಲ್ಲ. ಬಯಲಿನ ಕೊನೆಗೆ ನಡೆದುಹೋಗಿ ದುರುಗವ್ವನ ಗದ್ದೆಯ ಬದುವಿನ ಮೇಲೆ ಕೂತಿದ್ದಳಂತೆ. ಮೊದಲನೇ ದಿನ ಸಂಜೆ ಗೌಡ ಬಂದಾಗಲೇ ಹೇಳಿದ್ದರೆ ಹನ್ನೆರಡು ಮೆಟ್ಟಿಲು ಉಳಿಯುತ್ತಿತ್ತು. ಲೆಕ್ಕ ಅವಳಿಗೂ ಬರುತ್ತಿತ್ತು, ದುರುಗವ್ವನಿಗೂ ಬರುತ್ತಿತ್ತು. ತಿಂಗಳೊಳಗೆ ಆ ಹದಿನಾಲ್ಕು ಮನೆಗಳ ಭತ್ತ ತೆನೆಯಲ್ಲೇ ಜೊಳ್ಳಾಯಿತು.

ಸುಗ್ಗಿ ಬಂದಾಗ ಆ ಹದಿನಾಲ್ಕು ಮನೆಯವರು ಮೇಲಿನ ಗದ್ದೆಗಳಿಗೆ ಕೂಲಿ ಕೊಯ್ಲಿಗೆ ಹೋದರು. ಕೊಯ್ದಷ್ಟಕ್ಕೆ ಭತ್ತದ ಸಿವುಡೇ ಕೂಲಿ. ಭದ್ರವ್ವ ಹಿತ್ತಿಲ ಸಾಣೆಕಲ್ಲನ್ನು ಕಿತ್ತು ತಲೆಯ ಮೇಲೆ ಹೊತ್ತುಕೊಂಡು ಹೋಗಿ, ಬಯಲಿನ ಕೊನೆಯಲ್ಲಿ ಇಟ್ಟು, ಅವರ ಕುಡುಗೋಲುಗಳನ್ನು ಮಸೆದುಕೊಟ್ಟಳಂತೆ. ಅವಳು ಮಸೆದ ಕುಡುಗೋಲಿನಿಂದ ಒಬ್ಬೊಬ್ಬರೂ ಇಬ್ಬರಷ್ಟು ಕೊಯ್ದರಂತೆ. ಆ ವರ್ಷ ಯಾವ ಮನೆಯಲ್ಲೂ ಒಲೆ ಆರಲಿಲ್ಲ. ಮುಂದಿನ ವರ್ಷ ಕೆರೆ ತುಂಬಿತು, ಅವರ ಗದ್ದೆಯೂ ಬೆಳೆಯಿತು, ಆದರೂ ಅವಳು ಹೋಗಿ ಕೂತಳು. ಅದರ ಮುಂದಿನ ವರ್ಷವೂ ಕೂತಳು.

ದುರುಗವ್ವ ಮಾತ್ರ ತನ್ನ ಕುಡುಗೋಲನ್ನು ಬೇರೆಯವರ ಕೈಯಲ್ಲಿ ಕಳಿಸುತ್ತಿದ್ದಳು. ಮೂರು ವರ್ಷ ಮಾತಿಲ್ಲ. ನಾಲ್ಕನೇ ವರ್ಷ ತಾನೇ ಬಂದು, ಹಲ್ಲು ಮುರಿದ ಕುಡುಗೋಲನ್ನು ಕಲ್ಲಿನ ಮೇಲಿಟ್ಟು ನಿಂತಳಂತೆ.

"ಕಲ್ಲಿಗೆ ಹೊಡದು ನಾನ ಕೆಡಿಸೀನಿ ಯವ್ವಾ" ಅಂದಳಂತೆ.

ಭದ್ರವ್ವ ಹೇಗೆ ಅಂತ ಕೇಳಲಿಲ್ಲ. ಕುಡುಗೋಲು ತೆಗೆದುಕೊಂಡು ನೀರು ಚಿಮುಕಿಸಿ ಮಸೆಯತೊಡಗಿದಳು. ದುರುಗವ್ವ ಅಲ್ಲೇ ಅವಳ ಪಕ್ಕದಲ್ಲಿ ಕೂತಳು.

ಭದ್ರವ್ವ ಹೋಗಿ ಎಷ್ಟೋ ಕಾಲವಾಯಿತು. ಇಂದಿಗೂ ಆ ಊರಿನ ಬಡಿಗೇರರು ಸಾವಿನ ಮನೆಯಲ್ಲಿ ಹತ್ಯಾರಗಳನ್ನು ಬೆಂಕಿಗೆ ತೋರಿಸುವುದಿಲ್ಲ, ನೀರಿಗೆ ತೋರಿಸುತ್ತಾರೆ. ಬಯಲಿನ ಮೇಲ್ಭಾಗದವರಿಗೆ, ಯಾರ ಭತ್ತ ಉಳಿಯಿತೋ ಅವರಿಗೆ, ಅವಳ ಹೆಸರು ಕೇಳಿದರೆ ನೆನಪಿಸಿಕೊಳ್ಳಬೇಕು. ಕೊನೆಯ ಗದ್ದೆಗಳವರಿಗೆ ಹಾಗಲ್ಲ. ಸುಗ್ಗಿಯ ಮೊದಲ ದಿನ ಅವರು ಆ ಕಲ್ಲಿಗೆ ಎಣ್ಣೆ ಹಚ್ಚಿ, ಅರಿಸಿನ ಕುಂಕುಮ ಇಟ್ಟು, ಕುಡುಗೋಲು ಹಿಡಿದು ಸಾಲಾಗಿ ನಿಲ್ಲುತ್ತಾರೆ. ಒಬ್ಬೊಬ್ಬರೇ ಬಂದು ಕುಡುಗೋಲು ಇಟ್ಟು, ನಾ ಕೆಡಿಸೀನಿ ಅನ್ನುತ್ತಾರೆ. ಕೆಲವರು ಕುಡುಗೋಲಿನ ಮಾತು ಮುಗಿಸಿ ಬೇರೇನನ್ನೋ ಕೆಡಿಸಿದ್ದನ್ನೂ ಹೇಳುತ್ತಾರಂತೆ, ಗಂಡನ ಹತ್ತಿರ, ನೆರೆಯವರ ಹತ್ತಿರ ಬಚ್ಚಿಟ್ಟದ್ದನ್ನು. ಮಸೆಯಲು ಕೂತ ಬಡಿಗೇರ ಮನೆಯ ಹೆಂಗಸರು ಏನೂ ಕೇಳುವುದಿಲ್ಲ, ಮಸೆದು ಕೊಡುತ್ತಾರೆ. ಆ ಸಾಲಿನಲ್ಲಿ ನಿಂತವರು ಯಾರೂ ಇದುವರೆಗೆ ಕುಡುಗೋಲು ತಾನಾಗಿಯೇ ಕೆಟ್ಟಿತು ಅಂದಿಲ್ಲವಂತೆ.